ಕಾರಿನ ಹೊಟ್ಟೆಯಡಿಯ ತುಕ್ಕು

ಕಾರಿನ ಮುಖ ನೋಡಿ ಬೆಲೆ ಕಟ್ಟುವವರೇ ಹೆಚ್ಚು. ಅದರ ಅಡಿಗೆ ಬಗ್ಗಿ ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ? ನಾನಂತೂ ನೋಡಿದವನಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಕಾರಿನಡಿಯಲ್ಲಿ ಎಂತ ಕೆಲಸ?

ನಮ್ಮಲ್ಲಿ 1980ರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅಣ್ಣ ಕೊಂಡದ್ದು. ಕುಂಬಳೆಯಿಂದ ಮಂಗಳೂರಿನ ಆಸ್ಪತ್ರೆಗೆ ನೆರೆಕರೆಯ ಎಷ್ಟು ಬಸುರಿಯರನ್ನು ಅದು ಹೊತ್ತಿದೆಯೋ ಲೆಕ್ಕವಿಲ್ಲ. ಅಣ್ಣ ತೀರಿಕೊಂಡ ಮೇಲೆ ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತಿತು. ಗುಜರಿಗೆ ಕೊಡುವ ಎಂದ ನನ್ನ ಮಗ. ಅತ್ತಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಕೀಲಿಕೈ ತಂದು ನನ್ನ ಮುಂದಿಟ್ಟರು.

ಮೇಸ್ತ್ರಿ ಬಂದು ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯನ್ನೆಲ್ಲ ತಟ್ಟುತ್ತ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತದೆ. ಚಾಲಕನ ಕಾಲಡಿಯಲ್ಲಿ ದಪ್ ಎಂದಿತು. ಮೊನೆಯಿಂದ ಒತ್ತಿದರೆ ಅದು ಒಳಗಿನ ಮ್ಯಾಟನ್ನೇ ಎತ್ತಿತು! ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ತಗಡಿನ ಮೈಯೇ ಬೆನ್ನೆಲುಬು. ನೆಲ ಹೋದರೆ ಬಲವೂ ಹೋಯಿತು.

ಕಾರಣವೇನು? ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಅಡಿಗೆ ದಪ್ಪವಾಗಿ ಡಾಂಬರು ಬಳಿಸಿದ್ದೆವು. ಕೆರೆದು ತೆಗೆಯದ ತುಕ್ಕಿನ ಮೇಲೆಯೇ ಬಳಿದಿದ್ದರು. ಮೇಲಿಂದ ಕಪ್ಪಗೆ ಚಂದ, ಒಳಗೆ ನೀರು ಸೆರೆ. ಕಡಲ ಗಾಳಿಯ ಉಪ್ಪು ತೇವವನ್ನು ಎಳೆದು ಹಿಡಿಯುತ್ತದೆ. ತುಕ್ಕೆನ್ನಿ, ಮಲಯಾಳದಲ್ಲಿ ತುರುಂಬೆನ್ನಿ, ಅದು ತಿನ್ನುವುದನ್ನು ಬಿಡಲಿಲ್ಲ.

ನೀವು ಈ ಕೆಲಸಕ್ಕೆ ಇಳಿಯುವುದಾದರೆ ಮೊದಲು ಒಂದು ಮಾತು. ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಬೇಡಿ, ಕೆಂಪುಕಲ್ಲಿನ ರಾಶಿಯನ್ನೂ ನಂಬಬೇಡಿ, ಕಲ್ಲು ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡು ಗಟ್ಟಿ ನೆಲದ ಮೇಲಿರಲಿ, ಅದೂ ತುಕ್ಕು ಹಿಡಿಯದ ಜಾಗಕ್ಕೆ ಆನಿಸಿರಲಿ. ಕನ್ನಡಕ, ಮುಖಕವಚ ಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವುದುಂಟು.

ಡಾಂಬರು ಕೆರೆಯುವುದಕ್ಕೇ ನಮಗೆ ಹನ್ನೊಂದು ದಿನ ಹಿಡಿಯಿತು. ಜಿಡ್ಡಿಗೆ ಸೀಮೆಎಣ್ಣೆ, ಆಮೇಲೆ ಸಾಬೂನು ನೀರು, ಒಣಗಿದ ಮೇಲೆ ತಂತಿಯ ಬ್ರಷ್ಷು. ತೂತಾದಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸುಗೆ. ಆಗ ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಡಬೇಕು, ಬ್ಯಾಟರಿ ಕಳಚಬೇಕು. ಬ್ರೇಕಿನ ಕೊಳವೆ ಉಗುರು ತಾಗಿದರೆ ಪುಡಿಯುದುರುವಂತಿತ್ತು, ಅದನ್ನು ಬದಲಿಸಿದೆವು. ನೆಲದ ತೂತಿಗಿಂತ ನನಗೆ ಹೆದರಿಕೆಯಾದದ್ದು ಅದನ್ನು ಕಂಡೇ. ಆ ಗಾಡಿಯಲ್ಲಿ ಬಸುರಿಯರು ಕೂತಿದ್ದರಲ್ಲ!

ಬೇರು ಬಿಟ್ಟ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಕಬ್ಬಿಣದ ಫಾಸ್ಫೇಟಾಗಿ ಕಪ್ಪಗಾಗುತ್ತದೆ. ಡಬ್ಬಿಯಲ್ಲಿ ಹೇಳಿದ ಹಾಗೆ ತೊಳೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗ ಹೌದು, ಆದರೆ ಕಾರಿನಡಿಗೆ ನಾನು ಒಪ್ಪುವುದಿಲ್ಲ. ತಗಡುಗಳು ಕೂಡುವ ಸಂದಿಗೆ ಸೀಲರ್, ಅದರ ಮೇಲೆ ತೆಳ್ಳಗೆ ಎರಡು ಪದರ ಕಪ್ಪು ಬಣ್ಣ. ರಬ್ಬರ್ ಬುಷ್ಷು, ಬ್ರೇಕ್ ಹೋಸು, ಸೈಲೆನ್ಸರಿಗೆ ಬಣ್ಣ ತಾಗಬಾರದು. ನೀರು ಹೋಗುವ ತೂತುಗಳು ತೆರೆದಿರಲಿ. ಕೆಲವರು ಸುಟ್ಟ ಎಂಜಿನ್ ಎಣ್ಣೆ ಹೊಡೆಸುತ್ತಾರೆ. ಅದು ರಬ್ಬರನ್ನು ಕೆಡಿಸುತ್ತದೆ, ಅಂಗಳಕ್ಕೆ ಇಳಿದು ಬಾವಿಗೂ ಬರುತ್ತದೆ ಮಾರಾಯರೇ.

ಈ ಕೆಲಸಕ್ಕೆ ನಮ್ಮ ಊರಿನಲ್ಲಿ ಜನವರಿ, ಫೆಬ್ರವರಿ ಒಳ್ಳೆಯದು. ನಮ್ಮದಿನ್ನೂ ಮುಗಿದಿಲ್ಲ, ಹಿಂದಿನ ಎಡಗಡೆಯ ಸ್ಪ್ರಿಂಗಿನ ಬುಡ ಬಾಕಿ ಇದೆ. ಅತ್ತಿಗೆ ದಿನಾ ಸಂಜೆ ಕೊಟ್ಟಿಗೆಗೆ ಬಂದು, ಬಗ್ಗಲಾಗದ ಕಾರಣ, ಅಡಿಯಲ್ಲಿ ಏನು ಕಾಣುತ್ತದೆ ಎಂದು ನನ್ನಲ್ಲಿ ಕೇಳುತ್ತಾರೆ.