ಉಜಿ ಹೊಳೆ ದಾಟಿದ್ದು



ಸಮುರಾಯಿ ಎಂದರೆ ಕತ್ತಿ ಎಂದುಕೊಳ್ಳುತ್ತೇವೆ. ನಾನಿಂದು ಹೇಳುವ ಕಾಳಗದಲ್ಲಿ ಕತ್ತಿಗಿಂತ ಹೊಳೆಯದೇ ದೊಡ್ಡ ಪಾತ್ರ.

1180ನೆಯ ಇಸವಿ. ಕ್ಯೋಟೋದಲ್ಲಿ ತೈರಾ ವಂಶದ ಕಿಯೊಮೊರಿ ಆಡಿದ್ದೇ ಆಟ. ಹಸುಗೂಸಾಗಿದ್ದ ಮಗಳ ಮಗನನ್ನು ಪಟ್ಟಕ್ಕೆ ಕೂರಿಸಿದ್ದ. ಪಟ್ಟ ತಪ್ಪಿದ ರಾಜಕುಮಾರ ಮೊಚಿಹಿತೊ, ಎದುರಾಳಿ ಮಿನಾಮೊತೊ ವಂಶದವರಿಗೆ ದಂಗೆಯೇಳಿರೆಂದು ಓಲೆ ಕಳಿಸಿದ. ಅವನ ಬೆನ್ನಿಗೆ ನಿಂತವನು ಯೊರಿಮಾಸ. ಎಪ್ಪತ್ತು ದಾಟಿದ ಮುದುಕ, ಹೆಸರಾಂತ ಕವಿ.

ಗುಟ್ಟು ಬಯಲಾಯಿತು. ಇಬ್ಬರೂ ಮೀಯಿದೆರಾ ಮಠದ ಸನ್ಯಾಸಿ ಯೋಧರನ್ನು ಕೂಡಿಕೊಂಡು ನಾರಾದತ್ತ ಓಡಿದರು. ನಿದ್ದೆಗೆಟ್ಟ ರಾಜಕುಮಾರ ದಾರಿಯಲ್ಲಿ ಆರು ಸಲ ಕುದುರೆಯಿಂದ ಬಿದ್ದನೆಂದು ‘ಹೇಯ್ಕೆ ಮೊನೊಗತಾರಿ’ ಹೇಳುತ್ತದೆ. ಉಜಿ ಸೇತುವೆ ದಾಟಿ, ಅದರ ಹಲಗೆ ಕಿತ್ತುಹಾಕಿ, ದಡದ ಬ್ಯೋದೋಇನ್ ದೇವಾಲಯದಲ್ಲಿ ಸುಧಾರಿಸಿಕೊಂಡರು.

ಅಟ್ಟಿಬಂದ ತೈರಾ ಸೈನ್ಯ 28,000 ಎಂದು ಅದೇ ಗ್ರಂಥದ ಲೆಕ್ಕ. ನಾನು ನಂಬುವುದಿಲ್ಲ, ಯುದ್ಧದ ಕಥೆ ಹೇಳುವವರ ಬಾಯಲ್ಲಿ ನೂರು ಸಾವಿರವಾಗುವುದು ಎಲ್ಲ ಕಡೆಯೂ ಇದ್ದದ್ದೇ. ಮಂಜಿನಲ್ಲಿ ಮುಂದಿನವರಿಗೆ ಕಂಡಿ ಕಾಣಲಿಲ್ಲ, ಹಿಂದಿನವರು ನೂಕಿದರು, ಬಿದ್ದರು. ಸನ್ಯಾಸಿಗಳು ಬರಿಯ ತೊಲೆಯ ಮೇಲೆ ನಡೆದು ಕಾದಾಡಿದರು. ಮಳೆಗಾಲದ ಹೊಳೆ ತುಂಬಿತ್ತು. ಬಳಸಿ ಹೋಗೋಣವೆಂದರು ಕೆಲವರು.

ಆಗ ಮುಂದೆ ಬಂದವನು ಪೂರ್ವ ಸೀಮೆಯ ತದತ್ಸುನ, 17ರ ಹುಡುಗ. ಅವನ ಕಡೆಯವರು ತೋನೆ ನದಿ ದಾಟಿ ಪಳಗಿದವರು. ಬಲವಾದ ಕುದುರೆ ಮೇಲ್ಗಡೆ, ಬಡಕಲು ಕೆಳಗಡೆ ಇರಲಿ. ಕಾಲು ನೆಲಕ್ಕೆ ಎಟುಕುತ್ತಿರುವಷ್ಟು ಹೊತ್ತು ಲಗಾಮು ಸಡಿಲ ಬಿಡಿ. ತೇಲಿಹೋಗುವವನಿಗೆ ಬಿಲ್ಲಿನ ತುದಿ ಚಾಚಿ. ನಡುನೀರಿನಲ್ಲಿ ಬಾಣ ಬಿಡಬೇಡಿ. ನೇರ ದಾಟಲು ಹೆಣಗದೆ ಸೆಳವಿನ ಜೊತೆ ಓರೆಯಾಗಿ ಸಾಗಿ ಎಂದ. ಎಮ್ಮೆಯ ಬಾಲ ಹಿಡಿದು ಹೊಳೆ ದಾಟಿದ ಹಿರಿಯರಿಗೆ ಇದರಲ್ಲಿ ಹೊಸದೇನಿಲ್ಲ! ಮುನ್ನೂರು ಸವಾರರೂ ದಡ ಸೇರಿದರು. ಹಿಂದೆ ಇಳಿದ ಇಗಾ, ಇಸೆ ಪ್ರಾಂತದವರ ಸಾಲು ಮುರಿದು ನೂರಾರು ಮಂದಿ ಕೊಚ್ಚಿಹೋದರು.

ಗಾಯಗೊಂಡ ಯೊರಿಮಾಸ ದೇವಾಲಯದ ಅಂಗಳದಲ್ಲೇ ಪ್ರಾಣ ಕಳೆದುಕೊಂಡ. ರಾಜಕುಮಾರ ನಾರಾದ ದಾರಿಯಲ್ಲಿ ಹತನಾದ. ಓಲೆ ಮಾತ್ರ ಇಜುದಲ್ಲಿ ಗಡಿಪಾರಾಗಿದ್ದ ಯೊರಿತೊಮೊನ ಕೈ ಸೇರಿತ್ತು. ಅದೇ ವರ್ಷ ಅವನು ದಂಗೆಯೆದ್ದ. 1185ರಲ್ಲಿ ದನ್ನೌರಾ ಕಡಲ ಕಾಳಗದಲ್ಲಿ ತೈರಾ ವಂಶ ಮುಳುಗಿತು. ಪಟ್ಟಕ್ಕೆ ಕೂರಿಸಿದ್ದ ಆ ಮಗುವನ್ನು ಅಜ್ಜಿಯೇ ಎತ್ತಿಕೊಂಡು ನೀರಿಗೆ ಹಾರಿದಳಂತೆ.