ದಿಲ್ಲಿಯ ಸಂಸತ್ತು, ನಮ್ಮ ಅಕ್ಕಲಕೋಟೆ



ಮೊನ್ನೆ ಪಾಠದಲ್ಲಿ 'ಸಂಸತ್ತು' ಎಂಬ ಪದ ಓದಿದೆವು. ಆಗ ಒಬ್ಬ ಅಜ್ಜಿ ಕೇಳಿದರು: "ಅಕ್ಕೋರ, ದಿಲ್ಲಿ ಎಲ್ಲಿ, ನಾವೆಲ್ಲಿ? ಅದಕ್ಕೂ ನಮಗೂ ಏನ್ ಸಂಬಂಧ?" ಒಳ್ಳೆಯ ಪ್ರಶ್ನೆ. ಇವತ್ತು ಅದಕ್ಕೆ ಉತ್ತರ ಹುಡುಕೋಣ.

ಇಡೀ ದೇಶಕ್ಕೆ ಕಾನೂನು ಮಾಡುವುದು ಸಂಸತ್ತು. ಅದರಲ್ಲಿ ಎರಡು ಸಭೆ. ಒಂದು ಲೋಕಸಭೆ, ಇನ್ನೊಂದು ರಾಜ್ಯಸಭೆ. ರಾಷ್ಟ್ರಪತಿಯವರೂ ಸಂಸತ್ತಿನ ಒಂದು ಭಾಗ.

ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಮಹಾರಾಷ್ಟ್ರಕ್ಕೆ 48. ಅದರಲ್ಲಿ ಸೊಲ್ಲಾಪುರ ಒಂದು. ನಮ್ಮ ಅಕ್ಕಲಕೋಟೆ ಆ ಕ್ಷೇತ್ರಕ್ಕೇ ಸೇರಿದೆ. 18 ವರ್ಷ ತುಂಬಿದವರೆಲ್ಲ ಮತ ಹಾಕಿ ಸದಸ್ಯರನ್ನು ಆರಿಸ್ತೀವಿ. ರಾಜ್ಯಸಭೆಯಲ್ಲಿ ಮಹಾರಾಷ್ಟ್ರಕ್ಕೆ 19 ಸ್ಥಾನ. ಅವರನ್ನು ನಮ್ಮ ಎಮ್ಮೆಲ್ಲೆಗಳು ಆರಿಸ್ತಾರೆ.

ಕಾನೂನಿಗೆ ಎರಡೂ ಸಭೆ ಒಪ್ಪಬೇಕು. ಆಮೇಲೆ ರಾಷ್ಟ್ರಪತಿಯವರ ಸಹಿ ಬೇಕು. ತೆರಿಗೆ, ಸರ್ಕಾರದ ಹಣದ ವಿಷಯದಲ್ಲಿ ಲೋಕಸಭೆಯ ಮಾತೇ ಕೊನೆ. ಲೋಕಸಭೆಯ ವಿಶ್ವಾಸ ಹೋದರೆ ಸರ್ಕಾರ ಇಳಿಯಬೇಕು. 1999ರಲ್ಲಿ ವಾಜಪೇಯಿಯವರ ಸರ್ಕಾರ ಒಂದೇ ಒಂದು ಮತ ಕಡಿಮೆಯಾಗಿ ಬಿತ್ತು. ಒಂದು ಮತಕ್ಕೆ ಅಷ್ಟು ಬೆಲೆ!

ಸಂಸತ್ತಿಗೆ ಇನ್ನೊಂದು ದೊಡ್ಡ ಅಧಿಕಾರ ಇದೆ. ರಾಜ್ಯಗಳ ಗಡಿ ಹಾಕುವುದು ಅದೇ. ಅಕ್ಕಲಕೋಟೆ ಮೊದಲು ರಾಜರ ಸಂಸ್ಥಾನ. 1948ರಲ್ಲಿ ಸೊಲ್ಲಾಪುರ ಜಿಲ್ಲೆಗೆ ಸೇರಿತು. 1956ರಲ್ಲಿ ಸಂಸತ್ತು ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿತು. ಆಗ ವಿಜಯಪುರ, ಕಲಬುರಗಿ ಮೈಸೂರು ರಾಜ್ಯಕ್ಕೆ ಹೋದವು. ಆ ರಾಜ್ಯವೇ ಇಂದಿನ ಕರ್ನಾಟಕ. ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. 1960ರ ಮೇ 1ರಂದು ಮಹಾರಾಷ್ಟ್ರದವರಾದೆವು. ಬೀಗರು ಆಚೆ, ನಾವು ಈಚೆ.

1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರವನ್ನು ಮೈಸೂರಿಗೆ ಕೊಡಬೇಕು ಎಂದು ಹೇಳಿತು. ಆದರೂ ಗಡಿ ಬದಲಾಗಲಿಲ್ಲ. ಏಕೆ? ಆಯೋಗ ಸಲಹೆ ಕೊಡಬಹುದು, ಅಷ್ಟೇ. ಗಡಿ ಬದಲಿಸುವ ಕಾನೂನು ಸಂಸತ್ತಿನಲ್ಲೇ ಆಗಬೇಕು. ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ನಾವೂ ಮರಾಠಿ ನೆರೆಯವರೂ ಕೂಡಿ ಬಾಳುವವರು. ಅಧಿಕಾರ ಎಲ್ಲಿದೆ ಎಂದು ತಿಳಿಯಲಿ ಅಂತ ಹೇಳಿದೆ.

ಅದೇ 1956ರಲ್ಲಿ ಸಂಸತ್ತು ಸಂವಿಧಾನಕ್ಕೆ ಒಂದು ಹೊಸ ಮಾತು ಸೇರಿಸಿತು. ಅದು 350-ಎ ವಿಧಿ. ಒಂದು ರಾಜ್ಯದಲ್ಲಿ ಬೇರೆ ಭಾಷೆಯ ಜನ ಕಡಿಮೆ ಇದ್ದರೂ, ಅವರ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ತಾಯಿನುಡಿಯ ಪಾಠ ಸಿಗುವಂತೆ ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ನಮ್ಮ ಕನ್ನಡ ಶಾಲೆಗಳಿಗೆ ಇದು ಆಸರೆ. ಶಾಲೆಗೆ ಕನ್ನಡ ಮಾಸ್ತರರು ಬೇಕು, ಪುಸ್ತಕ ಬೇಕು ಅಂತ ಕೇಳುವುದು ಭಿಕ್ಷೆಯಲ್ಲ. ಅದಕ್ಕೆ ಸಂವಿಧಾನದ ಬಲ ಇದೆ.

ಅಜ್ಜಿ, ಈಗ ಹೇಳ್ರಿ, ಸಂಬಂಧ ಇದೆಯೋ ಇಲ್ಲವೋ?

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮತ ಕೇಳಲು ಬರುವವರಿಗೆ ಕೇಳಬೇಕಾದ ಒಂದು ಪ್ರಶ್ನೆ ನಿಮ್ಮ ವಹಿಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ. ಹೆಬ್ಬೆಟ್ಟು ಬೇಡ, ಸಹಿ. ನಾಳೆ ಎಲ್ಲರೂ ಕೂತು ಓದೋಣ.