ಲೇಸರ್ ಪ್ರಿಂಟರ್‌ನಿಂದ ಬರುವ ಹಾಳೆ ಸುರುಳಿ ಸುತ್ತೋದು ಯಾಕೆ?

ಇವತ್ತಿನ ವಿಷಯ ಚಿಕ್ಕದು. ಮನೆಯ ಲೇಸರ್ ಪ್ರಿಂಟರ್‌ನಿಂದ ಹಾಳೆಗಳು ಸುರುಳಿ ಸುತ್ತಿಕೊಂಡು ಬರ್ತಾ ಇದ್ರೆ ಏನು ಮಾಡಬೇಕು?

ಪುಣೆಯಲ್ಲಿ ನಮ್ಮ ಸೊಸೈಟಿಯ ಎಂಟು ಕನ್ನಡ ಮಕ್ಕಳಿಗೆ ನಾನು ಭಾನುವಾರ ಅಕ್ಷರ ಕಲಿಸ್ತೀನಿ. ನನ್ನ ಮಗಳೂ ಅವರಲ್ಲಿ ಒಬ್ಬಳು. ಇವರ ಶಾಲೆಗಳಲ್ಲಿ ಕನ್ನಡ ಇಲ್ಲ. ಬರೆಯೋಕೆ ಸಿಗೋದು ವಾರಕ್ಕೆ ಈ ಒಂದು ಗಂಟೆ ಮಾತ್ರ. ತಿದ್ದುವ ಹಾಳೆಗಳನ್ನು ಮನೆಯಲ್ಲೇ ಪ್ರಿಂಟ್ ಮಾಡ್ತೀನಿ. ಹೋದ ಜುಲೈನಲ್ಲಿ ಅವೆಲ್ಲ ಕೊಳವೆ ಥರ ಸುತ್ತಿಕೊಂಡು ಬರತೊಡಗಿದವು. ಒಂದು ಕೈಯಲ್ಲಿ ಹಾಳೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ 'ಳ' ತಿದ್ದೋದು ಆರು ವರ್ಷದ ಮಗುವಿಗೆ ಸುಲಭ ಅಲ್ಲ. ಒಬ್ಬ ಹುಡುಗ ಪೆನ್ಸಿಲ್ ಕೆಳಗಿಟ್ಟು, "ಇನ್ಮೇಲೆ ನಾನು ಬರಲ್ಲ ಅಂಕಲ್" ಅಂದುಬಿಟ್ಟ.

ನಾನು ಸಾಫ್ಟ್‌ವೇರ್‌ನವನು ನೋಡಿ, ಮೊದಲ ಅನುಮಾನ ಡ್ರೈವರ್ ಮೇಲೆ. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಏನೂ ಬದಲಾಗಲಿಲ್ಲ. ಆಗ ಧಾರವಾಡದಿಂದ ಬಂದಿದ್ದ ಅವ್ವ ಕಟ್ಟಿನಲ್ಲಿದ್ದ ಹಾಳೆ ಮುಟ್ಟಿ, "ಇದು ಮೆತ್ತಗಾಗೇತಲ್ಲೋ ತಮ್ಮಾ. ಮಳಿಗಾಲದಾಗ ಹಪ್ಪಳ ಯಾರರ ಹಿಂಗ ಬಿಚ್ಚಿ ಇಡ್ತಾರೇನು?" ಅಂದಳು.

ವಿಷಯ ಅಷ್ಟೇ. ಕಾಗದದ ನಾರು ತೇವ ಹೀರಿದರೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಭಾಗ ಫ್ಯೂಸರ್. ಅದರ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಹಾಳೆಯ ಒಂದು ಕಡೆ ಬಿಸಿ ರೋಲರ್, ಇನ್ನೊಂದು ಕಡೆ ಒತ್ತುವ ರೋಲರ್. ಎರಡೂ ಮುಖ ಒಂದೇ ಸಮ ಒಣಗೋದಿಲ್ಲ, ಹಾಗಾಗಿ ಹಾಳೆ ಬಾಗುತ್ತೆ. ನನ್ನ 500 ಹಾಳೆಗಳ ಕಟ್ಟು ಜೂನ್‌ನಿಂದ ಬಾಲ್ಕನಿ ಬಾಗಿಲ ಪಕ್ಕ ಬಾಯಿ ತೆರೆದುಕೊಂಡೇ ಇತ್ತು!

ಹಾಗಾದ್ರೆ ಏನು ಮಾಡೋದು?

ಮೊದಲನೆಯದು, ಹೊಸ ಕಟ್ಟು ಬಿಚ್ಚಿ. ಬೇಕಾದಷ್ಟು ಹಾಳೆ ತೆಗೆದುಕೊಂಡು, ಉಳಿದದ್ದನ್ನು ಅದರದೇ ಹೊದಿಕೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಟ್ರೇ ತುಂಬಿಸಿ ವಾರಗಟ್ಟಲೆ ಬಿಡಬೇಡಿ.

ಎರಡನೆಯದು, ಟ್ರೇಯಲ್ಲಿರುವ ಹಾಳೆಗಳನ್ನು ಮಗುಚಿ ಹಾಕಿ ನೋಡಿ. ಕಾಗದದ ಎರಡು ಮುಖಗಳು ಪೂರ್ತಿ ಒಂದೇ ಥರ ಇರೋದಿಲ್ಲ.

ಮೂರನೆಯದು, ಸೆಟ್ಟಿಂಗ್ಸ್‌ನಲ್ಲಿ ಪೇಪರ್ ಟೈಪ್ ನೋಡಿ. ಅಕ್ಷರ ಕಪ್ಪಗೆ ಬರಲಿ ಅಂತ ನಾನೇ ಯಾವತ್ತೋ 'ಥಿಕ್' ಇಟ್ಟು ಮರೆತಿದ್ದೆ. ದಪ್ಪ ಕಾಗದ ಅಂದುಕೊಂಡು ಪ್ರಿಂಟರ್ ಹೆಚ್ಚು ಬಿಸಿ ಕೊಡ್ತಿತ್ತು. 'ಪ್ಲೇನ್' ಮಾಡಿ, ಸಾಲದಿದ್ದರೆ 'ಥಿನ್'. ಆಮೇಲೆ ಅಕ್ಷರದ ಮೇಲೆ ಹೆಬ್ಬೆರಳು ಉಜ್ಜಿ. ಕಪ್ಪು ಕೈಗೆ ಹತ್ತಿದರೆ ಬಿಸಿ ಸಾಲಲಿಲ್ಲ ಅಂತ ಅರ್ಥ, ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ನಾಲ್ಕನೆಯದು, ನಿಮ್ಮ ಪ್ರಿಂಟರ್‌ಗೆ ಹಿಂದೆ ಹಾಳೆ ಹೊರಬರುವ ಬಾಗಿಲಿದ್ದರೆ ತೆರೆದಿಡಿ. ಹಾಳೆ ಬಿಸಿಯಿರುವಾಗಲೇ ಮೇಲಕ್ಕೆ ಬಾಗಿ ತಿರುಗೋದು ತಪ್ಪುತ್ತೆ. ಎರಡೂ ಬದಿ ಪ್ರಿಂಟ್ ಮಾಡಿದರೆ ಹಾಳೆ ಎರಡು ಸಲ ಕಾಯುತ್ತೆ. ಅಗತ್ಯ ಇಲ್ಲದಿದ್ದರೆ ಒಂದೇ ಬದಿ ಸಾಕು.

ಇವನ್ನೆಲ್ಲ ಒಟ್ಟಿಗೆ ಮಾಡಬೇಡಿ. ಒಂದು ಬದಲಾವಣೆ, ಐದು ಹಾಳೆ, ಆಮೇಲೆ ಮುಂದಿನದು. ಡೀಬಗ್ಗಿಂಗ್ ನಿಯಮ ಇಲ್ಲೂ ಅದೇ.

ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ಕೆಲಸ ಮಾಡಿದ್ದು ಡಬ್ಬಿ, ಉಳಿದದ್ದು ಪೇಪರ್ ಟೈಪ್. ಈಗಲೂ ಸ್ವಲ್ಪ ಬಾಗುತ್ತೆ, ಆದರೆ ರಾತ್ರಿ ದಪ್ಪ ಪುಸ್ತಕದ ಕೆಳಗಿಟ್ಟರೆ ಬೆಳಿಗ್ಗೆಗೆ ನೆಟ್ಟಗಾಗುತ್ತೆ. ಆ ಹುಡುಗನ ಮನೆಗೆ ನಾನೇ ಹೋಗಿ ಒಂದು ನೆಟ್ಟನೆಯ ಹಾಳೆ ಕೊಟ್ಟು ಬಂದೆ. ಮುಂದಿನ ಭಾನುವಾರ ಬಂದ. ಅವನ 'ಳ' ಇನ್ನೂ ಸೊಟ್ಟಗಿದೆ, ಆದರೆ ಅದು ಪ್ರಿಂಟರ್ ತಪ್ಪಲ್ಲ.

ನಿಮ್ಮ ಮನೆಯಲ್ಲಿ ಯಾವ ಉಪಾಯ ಫಲಿಸಿತು, ತಿಳಿಸಿ.